ಮರೆವಿನ ಬೇನೆ ಮತ್ತು ಮಿದುಳಿನ ಚಿತ್ರ



ನಮ್ಮ ಹಿರಿಯ ಕಾಕಾ ಅವರು ನಲವತ್ತು ವರ್ಷ ಅಡತಿ ಅಂಗಡಿಯ ಕೀರ್ದಿ ಬರೆದವರು. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ಅವರು ಒಂದು ರಾತ್ರಿ ಊಟ ಬಡಿಸಿರೆಂದು ಕೇಳಿದರು. ಹುಡುಗರು ನಕ್ಕರು. ನಾವು ವ್ರತ ಮುರಿಯುತ್ತೀರಾ ಎಂದು ಗದರಿಸಿದೆವು. ಅರವತ್ತಕ್ಕೆ ಅರಳು ಮರಳು ಎಂದು ಎರಡು ವರ್ಷ ಸುಮ್ಮನಿದ್ದು, ಕೊನೆಗೆ ನರರೋಗದ ವೈದ್ಯರಿಗೆ ತೋರಿಸಿದಾಗ ಅಲ್ಝೈಮರ್ ಬೇನೆ ಎಂದು ತಿಳಿಯಿತು. ಆ ಗದರಿಕೆ ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಜರ್ಮನಿಯ ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರು 1906ರಲ್ಲಿ ಈ ಬೇನೆಯನ್ನು ವಿವರಿಸಿದರು. ರೋಗಿ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಅವರು ಅದನ್ನು ಅರಿತದ್ದು. ಈಗ ಬದುಕಿದ್ದಾಗಲೇ ನೋಡಬಹುದು. ಎಂ.ಆರ್.ಐ. ಚಿತ್ರದಲ್ಲಿ ಹೊಸ ನೆನಪು ದಾಖಲಾಗುವ ಹಿಪೊಕ್ಯಾಂಪಸ್ ಎಂಬ ಭಾಗ ಕುಗ್ಗಿರುವುದು ಕಾಣುತ್ತದೆ. ಆದರೆ ಅದು ಆಕಾರದ ಮಾತು. ಮಿದುಳು ಎಷ್ಟು ದುಡಿಯುತ್ತಿದೆ ಎಂಬುದಕ್ಕೆ ಪೆಟ್ ಸ್ಕ್ಯಾನ್ ಬೇಕು.

ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಖರ್ಚು ಮಾಡುತ್ತದೆ. ವಿಕಿರಣ ಸೂಸುವ ಫ್ಲೋರಿನ್ ಸೇರಿಸಿದ ಸಕ್ಕರೆಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ದುಡಿಯುವ ಭಾಗ ಅದನ್ನು ಹೀರಿ ಬೆಳಗುತ್ತದೆ, ಸೋತ ಭಾಗ ಮಂಕಾಗುತ್ತದೆ. ಅಲ್ಝೈಮರ್‌ನಲ್ಲಿ ಕಿವಿಯ ಹತ್ತಿರದ ಹಾಗೂ ಅದರ ಮೇಲೆ ಹಿಂದಿನ ಭಾಗಗಳು ಮಂಕು. ನಡತೆಯೇ ಮೊದಲು ಕೆಡುವ ಇನ್ನೊಂದು ಬೇನೆಯಲ್ಲಿ ಮುಂಭಾಗ ಮಂಕು. ಆ ಫ್ಲೋರಿನ್ 110 ನಿಮಿಷಕ್ಕೆ ಅರ್ಧ ಕರಗುವುದರಿಂದ ತಂದು ದಾಸ್ತಾನು ಮಾಡುವಂತಿಲ್ಲ. ಪರೀಕ್ಷೆಗೆ ಮೊದಲು ಕೆಲವು ಗಂಟೆ ಉಪವಾಸ ಬೇಕು. ನಮ್ಮವರಿಗೆ ಅದೇನೂ ಕಷ್ಟವಲ್ಲ!

1990ರಲ್ಲಿ ಸೇಜಿ ಒಗಾವಾ ಎಂಬ ಜಪಾನಿ ವಿಜ್ಞಾನಿ ರಕ್ತದ ಆಮ್ಲಜನಕದ ಏರುಪೇರನ್ನೇ ಅಯಸ್ಕಾಂತದಿಂದ ಗುರುತಿಸಬಹುದೆಂದು ತೋರಿಸಿದರು. ಆ ವಿಧಾನದಿಂದ ಒಂದು ಸೋಜಿಗ ಹೊರಬಿತ್ತು. ಮರೆವು ಇನ್ನೂ ಅಲ್ಪವಿರುವಾಗ ಹಿಪೊಕ್ಯಾಂಪಸ್ ಕಡಿಮೆಯಲ್ಲ, ಹೆಚ್ಚು ದುಡಿಯುವುದುಂಟು. ಬೇನೆ ಬಲಿತ ಮೇಲೆ ಕುಸಿಯುತ್ತದೆ. ಬಂಡವಾಳ ಕರಗುತ್ತಿರುವ ಪೇಢಿಯಲ್ಲಿ ಕೆಲವು ದಿನ ಓಡಾಟ ಜೋರಾಗಿಯೇ ಕಾಣುತ್ತದೆಂದು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ. ಇದು ನಷ್ಟ ತುಂಬಿಕೊಳ್ಳುವ ಯತ್ನವೆಂದು ಕೆಲವರು, ಬೇನೆಯದೇ ಭಾಗವೆಂದು ಕೆಲವರು ಅನ್ನುತ್ತಾರೆ. ಸದ್ಯ ಇದು ಸಂಶೋಧನೆಗೆ ಹೊರತು ಒಬ್ಬೊಬ್ಬರ ರೋಗ ನಿರ್ಣಯಕ್ಕಲ್ಲ.

ಎಲ್ಲರೂ ಪೆಟ್ ಸ್ಕ್ಯಾನಿಗೆ ಓಡಬೇಕಾಗಿಲ್ಲ. ಮೊದಲು ರಕ್ತದಲ್ಲಿ ಬಿ-12 ಮತ್ತು ಥೈರಾಯ್ಡ್ ನೋಡಿಸಿರಿ. ಶುದ್ಧ ಶಾಕಾಹಾರಿಗಳಾದ ನಮ್ಮಲ್ಲಿ ಬಿ-12 ಕೊರತೆ ಅಪರೂಪವಲ್ಲ. ಅದರಿಂದ ಬಂದ ಮರೆವು ಬೇಗ ಗೊತ್ತಾದರೆ ಔಷಧಿಗೆ ಬಗ್ಗುತ್ತದೆ.

ಕಾಕಾ ಅವರಿಗೆ ಈಗ ನಮ್ಮ ಹೆಸರು ನೆನಪಿಲ್ಲ. ಸಂಜೆ ಹೊತ್ತು ಮುಳುಗುವ ಮೊದಲು ಸೊಸೆ ಅವರ ಪಕ್ಕದಲ್ಲೇ ಕುಳಿತು ಉಣ್ಣಿಸುತ್ತಾಳೆ. ರಾತ್ರಿ ಮತ್ತೆ ಊಟ ಕೇಳಿದರೆ ಮನೆಯಲ್ಲಿ ಯಾರೂ ನಗುವುದಿಲ್ಲ.