ಸೋಫಿಯಾ ಲೊರೆನ್ ಕೈಯಲ್ಲಿ ಮೊರ್ಟಡೆಲ್ಲಾ, ನಮ್ಮ ರೂಮಿನಲ್ಲಿ ಮೂರು ಹಲಗೆ!

ನ್ಯೂಯಾರ್ಕಿನ ವಿಮಾನ ನಿಲ್ದಾಣ. ಇಟಲಿಯಿಂದ ಬಂದಿಳಿಯುತ್ತಾಳೆ ಕಡಲಿನಂಥ ಕಣ್ಣುಗಳ ಬೆಡಗಿ ಸೋಫಿಯಾ ಲೊರೆನ್. ಬಂದಿರುವುದು ಮದುವೆಗೆ. ಕೈಯಲ್ಲಿರುವುದು ಹೂಗುಚ್ಛ ಅಂದುಕೊಂಡಿರಾ? ಅಲ್ಲ ಸ್ವಾಮೀ... ತೊಡೆಗಾತ್ರದ ಹಂದಿಮಾಂಸದ ಉಂಡೆ! ಅವಳು ಕೆಲಸ ಮಾಡುತ್ತಿದ್ದ ಕಾರ್ಖಾನೆಯದೇ ಮಾಲು. ಇದನ್ನು ಅಮೆರಿಕದೊಳಗೆ ಬಿಡುವಂತಿಲ್ಲ ಅಂತ ಕಸ್ಟಮ್ಸಿನವರು. ಬಿಟ್ಟು ಬರೋದಿಲ್ಲ ಅಂತ ಇವಳು. ಅಲ್ಲೇ ಕೂತುಬಿಡುತ್ತಾಳೆ! ಪತ್ರಿಕೆಯವರು ಮುತ್ತುತ್ತಾರೆ, ಮದುವೆ ಗಂಡು ತಲೆ ಚಚ್ಚಿಕೊಳ್ಳುತ್ತಾನೆ, ಒಂದು ಮಾಂಸದ ಉಂಡೆ ದೊಡ್ಡ ಗಲಾಟೆಯಾಗಿಬಿಡುತ್ತದೆ.

ಚಿತ್ರದ ಹೆಸರು ‘ಲಾ ಮೊರ್ಟಡೆಲ್ಲಾ’. 1971ರದ್ದು. ನಿರ್ದೇಶಕ ಮಾರಿಯೋ ಮೊನಿಚೆಲ್ಲಿ. ಇಂಗ್ಲಿಷಿನಲ್ಲಿ ‘ಲೇಡಿ ಲಿಬರ್ಟಿ’ ಅಂತ ಬಂತು. ಕಣ್ಣು ಬಿಟ್ಟು ನೋಡಿದರೆ ಆಗಿನ್ನೂ ಯಾರಿಗೂ ಗೊತ್ತಿಲ್ಲದ ಡ್ಯಾನಿ ಡಿವಿಟೊ, ಸೂಸನ್ ಸರಾಂಡನ್ ಕೂಡ ಅಲ್ಲಲ್ಲಿ ಸಿಗುತ್ತಾರೆ. ಕಥೆ ಪೂರ್ತಿ ಕಟ್ಟುಕಥೆಯಲ್ಲ. ಇಟಲಿಯ ಹಂದಿಗಳಿಗೆ ಆಫ್ರಿಕನ್ ಹಂದಿಜ್ವರ ಬಂದಿದ್ದರಿಂದ 1967ರಿಂದ 2000ದವರೆಗೆ ಅಮೆರಿಕದೊಳಗೆ ಇಟಲಿಯ ಮೊರ್ಟಡೆಲ್ಲಾಗೆ ಪ್ರವೇಶವೇ ಇರಲಿಲ್ಲ. ಲೊರೆನ್‌ಗೂ ಇಲ್ಲ, ಇನ್ಯಾರಿಗೂ ಇಲ್ಲ!

ಚಿತ್ರ ನೋಡಿ ಮುಗಿಸಿದ ಮೇಲೆ ನನ್ನ ತಲೆಗೆ ಹುಳ ಹೊಕ್ಕಿತು. ಈ ಪದಾರ್ಥಗಳನ್ನು ಫ್ರಾನ್ಸ್, ಇಟಲಿ, ಸ್ಪೇನಿನವರು ನೆಂಟರಿಗೆ ಇಡುವುದು ಹೇಗೆ? ನಮ್ಮಂಥ ಸಿನಿಮಾ ಹುಚ್ಚರ ರೂಮಿನಲ್ಲಿ ಅದನ್ನು ಇಡಬಹುದೇ? ಈಗ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಮರದ ಹಲಗೆಯ ಮೇಲೆ ಮಾಂಸದ ತೆಳು ಹಾಳೆ, ಚೀಸು, ದ್ರಾಕ್ಷಿ ಎಲ್ಲ ಜೋಡಿಸಿ ತಂದಿಡುತ್ತಾರಲ್ಲ, ಅದೇ ‘ಶಾರ್ಕ್ಯುಟ್ರಿ’ ಹಲಗೆ. ಬಿಲ್ಲು ನೋಡಿದರೆ ಎದೆ ಝಲ್ ಅನ್ನುತ್ತೆ. ಮನೆಯಲ್ಲೇ ಮಾಡಿದರೆ ಅಷ್ಟಾಗೋದಿಲ್ಲ. ಎಂಟು ಜನಕ್ಕೆ ನಾನೇ ಮಾಡಿ ನೋಡಿದ್ದೇನೆ, ಅದಕ್ಕೇ ಈ ಬರಹ.

ಉಪ್ಪಿನ ಮಹಿಮೆ

ಶಾರ್ಕ್ಯುಟ್ರಿ ಅನ್ನೋದು ಫ್ರೆಂಚ್ ಮಾತು. ಮೂಲದಲ್ಲಿ ‘ಬೇಯಿಸಿದ ಮಾಂಸ’ ಅಂತ ಅರ್ಥ. 15ನೇ ಶತಮಾನದಲ್ಲೇ ಪ್ಯಾರಿಸ್ಸಿನಲ್ಲಿ ಬೇಯಿಸಿದ ಹಂದಿಮಾಂಸ ಮಾರುವವರದ್ದು ಬೇರೆಯೇ ಕಸುಬು, ಬೇರೆಯೇ ಸಂಘ. ಇಟಲಿಯ ಬೊಲೊನ್ಯಾದಲ್ಲಿ ಮೊರ್ಟಡೆಲ್ಲಾ ಹೇಗೆ ಮಾಡಬೇಕು ಅಂತ 1661ರಲ್ಲೇ ಒಬ್ಬ ಕಾರ್ಡಿನಲ್ ಆಜ್ಞೆ ಹೊರಡಿಸಿದ. ನುಣ್ಣಗೆ ಅರೆದ ಮಾಂಸ, ನಡುನಡುವೆ ಬಿಳಿ ಕೊಬ್ಬಿನ ಚೌಕ ತುಣುಕು, ಕಾಳುಮೆಣಸು, ನಿಧಾನವಾದ ಬೇವು... ಗುಲಾಬಿ ಬಣ್ಣದ ಮೊಸಾಯಿಕ್ ನೆಲದ ಹಾಗೆ ಕಾಣುತ್ತೆ!

ಪಾರ್ಮಾ ಊರಿನ ಹ್ಯಾಮಿಗಂತೂ ಬೇಕಾದ್ದು ಹಂದಿಯ ಹಿಂಗಾಲು ಮತ್ತು ಉಪ್ಪು, ಅಷ್ಟೇ. ಉಪ್ಪು ನೀರನ್ನು ಹೊರಗೆಳೆಯುತ್ತದೆ. ನೀರಿಲ್ಲದ ಕಡೆ ಕೊಳೆಸುವ ಕ್ರಿಮಿಗೆ ಬದುಕಿಲ್ಲ. ವರ್ಷಕ್ಕೂ ಮೀರಿ ಗಾಳಿಯಲ್ಲಿ ತೂಗುಬಿದ್ದು ಹಣ್ಣಾದ ಮೇಲೆ ಕಾಗದದಷ್ಟು ತೆಳ್ಳಗೆ ಕೊಯ್ದು ಹಾಗೇ ತಿನ್ನುತ್ತಾರೆ. ಸ್ಪೇನಿನವರ ‘ಹಮೋನ್’ ಇನ್ನೂ ಒಂದು ಕೈ ಮೇಲು. ಓಕ್ ಮರದ ಕಾಯಿ ತಿಂದು ಕೊಬ್ಬಿದ ಕರಿ ಹಂದಿಯ ಕಾಲು ಮೂರು ಮೂರು ವರ್ಷ ತೂಗಾಡುತ್ತದೆ.

ಯಾರಾದರೂ ಉತ್ಸಾಹಿಗಳು ನಾವೂ ಮನೆಯಲ್ಲಿ ತೂಗುಹಾಕೋಣ ಅಂತ ಹೊರಟರೆ... ತಾಳಿ ತಾಳಿ! 1820ರ ದಶಕದಲ್ಲಿ ಜರ್ಮನಿಯ ಯುಸ್ಟಿನಸ್ ಕೆರ್ನರ್ ಎಂಬ ಡಾಕ್ಟರು (ಈತ ಕವಿಯೂ ಹೌದು) ಕೆಟ್ಟ ಸಾಸೇಜು ತಿಂದು ಸತ್ತವರ ವಿಷಯ ಬೆನ್ನು ಹತ್ತಿ, ಆ ವಿಷವನ್ನು ತನ್ನ ಮೇಲೇ ಪ್ರಯೋಗ ಮಾಡಿಕೊಂಡ. ಆ ಕಾಯಿಲೆಯ ಹೆಸರು ಬಾಟುಲಿಸಂ. ಲ್ಯಾಟಿನ್‌ನಲ್ಲಿ ‘ಬೊಟುಲಸ್’ ಅಂದ್ರೇನೇ ಸಾಸೇಜು! ಅದಕ್ಕೇ ಕಾರ್ಖಾನೆಯವರು ಅಳತೆ ಪ್ರಕಾರ ನೈಟ್ರೈಟ್ ಉಪ್ಪು ಸೇರಿಸುತ್ತಾರೆ. ಗ್ರಾಂ ಹೆಚ್ಚುಕಡಿಮೆಯಾದರೂ ಅಪಾಯ. ನಾವು ತಂದು ಜೋಡಿಸುವ ಹೀರೋಗಳು ಮಾತ್ರ, ಸಾಹಸ ದೃಶ್ಯ ಬೇಡ.

ಹ್ಯಾಮ್ ಹಿಡಿದು ಬಡಿದಾಡಿದವರು

ಸಾಹಸ ದೃಶ್ಯ ಬೇಕೆಂದರೆ 1992ರ ಸ್ಪ್ಯಾನಿಷ್ ಚಿತ್ರ ‘ಹಮೋನ್ ಹಮೋನ್’ ನೋಡಿ. ನಿರ್ದೇಶಕ ಬೀಗಾಸ್ ಲೂನಾ. ಹಾವಿಯೆರ್ ಬಾರ್ದೆಮ್ ಹ್ಯಾಮ್ ಗೋದಾಮಿನ ಕೆಲಸಗಾರ. ನಾಯಕಿ ಆಗಿನ್ನೂ ಹದಿಹರೆಯದ ಪೆನೆಲೊಪಿ ಕ್ರೂಜ್. ಕೊನೆಗೆ ಇಬ್ಬರು ಗಂಡಸರು ಹಂದಿಯ ಒಣಗಿದ ಕಾಲುಗಳನ್ನೇ ಗದೆಯ ಹಾಗೆ ಹಿಡಿದು ಬಡಿದಾಡುತ್ತಾರೆ ಕಣ್ರೀ! ನಮ್ಮ ಭೀಮ-ದುರ್ಯೋಧನರೂ ನಾಚಬೇಕು. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಬೆಳ್ಳಿ ಸಿಂಹ ಸಿಕ್ಕಿತು. ಮುಂದೆ ಇಬ್ಬರಿಗೂ ಬೇರೆ ಚಿತ್ರಗಳಿಗೆ ಆಸ್ಕರ್ ಬಂತು. 2010ರಲ್ಲಿ ಬಾರ್ದೆಮ್ ಮತ್ತು ಕ್ರೂಜ್ ಮದುವೆಯೂ ಆದರು. ಹ್ಯಾಮಿನ ಋಣಾನುಬಂಧ!

‘ಗುಡ್‌ಫೆಲ್ಲಾಸ್’ (1990) ನೋಡಿದವರಿಗೆ ಜೈಲಿನ ಊಟ ನೆನಪಿರಬೇಕು. ಪಾಲ್ ಸೊರ್ವಿನೊ ಬ್ಲೇಡಿನಿಂದ ಬೆಳ್ಳುಳ್ಳಿ ಹೆಚ್ಚುತ್ತಾ ಕೂತಿರುತ್ತಾನೆ. ರೇ ಲಿಯೊಟ್ಟಾ ಬಂದು ಚೀಲದಿಂದ ಬ್ರೆಡ್ಡು, ಸಲಾಮಿ, ಹ್ಯಾಮು, ಚೀಸು ಒಂದೊಂದೇ ತೆಗೆದಿಡುತ್ತಾನೆ. ಸ್ಕಾರ್ಸೆಸಿ ಅಲ್ಲಿ ತೋರಿಸಿದ್ದು ಶಾರ್ಕ್ಯುಟ್ರಿ ಹಲಗೆಯನ್ನೇ, ಹಲಗೆ ಒಂದು ಇರಲಿಲ್ಲ ಅಷ್ಟೆ. ಗೂಂಡಾಗಳಾದರೇನು, ಊಟ ಹಂಚಿಕೊಳ್ಳುವಾಗ ಅವರ ಮುಖ ನೋಡಿ. ನನ್ನ ಮಟ್ಟಿಗೆ ಆ ಚಿತ್ರದ ಅತ್ಯುತ್ತಮ ದೃಶ್ಯ ಅದೇ. ಗುಂಡು ಹಾರುವ ದೃಶ್ಯಗಳಲ್ಲ.

ಎಂಟು ಜನ, ಮೂರು ಹಲಗೆ

ನಮ್ಮದೊಂದು ಗುಂಪಿದೆ. ತಿಂಗಳಿಗೊಮ್ಮೆ ಯಾರದಾದರೂ ರೂಮಿನಲ್ಲಿ ಕೂತು ಪಿಕ್ಚರ್ ನೋಡುವುದು, ಆಮೇಲೆ ಬೆಳಗಿನ ಜಾವದವರೆಗೆ ಜಗಳ. ಗುಂಪಿನಲ್ಲಿ ಸಾಗರದ ಕಡೆಯ ಕಥೆಗಾರನೊಬ್ಬ, ಮೊಟ್ಟೆಯೂ ಮುಟ್ಟದವನು. ಮಡಿಕೇರಿಯ ಎಡಿಟರ್ ಒಬ್ಬ, ಹಂದಿಮಾಂಸವಿಲ್ಲದ್ದು ಊಟವೇ ಅಲ್ಲ ಅನ್ನುವವನು. ಶಿವಾಜಿನಗರದ ಸೌಂಡ್ ರೆಕಾರ್ಡಿಸ್ಟ್ ಹುಡುಗ, ಐದು ಹೊತ್ತಿನ ನಮಾಜಿನವನು. ಉಳಿದವರು ಕೊಟ್ಟಿದ್ದು ತಿನ್ನುವ ಜಾತಿ.

ಹಿಂದಿನ ಸಲ ಬೇರೊಬ್ಬರ ಮನೆಯಲ್ಲಿ ಸೇರಿದ್ದೆವು. ಆತ ಒಂದೇ ದೊಡ್ಡ ತಟ್ಟೆಯಲ್ಲಿ ಹ್ಯಾಮು, ಕೋಳಿ, ಚೀಸು, ಹಣ್ಣು ಎಲ್ಲ ಒಟ್ಟಿಗೆ ಸುರಿದಿಟ್ಟಿದ್ದರು. ಪ್ರೀತಿಯಿಂದಲೇ ಇಟ್ಟಿದ್ದರು, ಅದರಲ್ಲಿ ಎರಡು ಮಾತಿಲ್ಲ. ಸೌಂಡ್ ಹುಡುಗ “ಹೊಟ್ಟೆ ಸರಿಯಿಲ್ಲ ಸಾರ್” ಅಂತ ಬರೀ ಟೀ ಕುಡಿದು, ಪಿಕ್ಚರ್ ಮುಗಿಯುವ ಮೊದಲೇ ಎದ್ದುಹೋದ. ಕಥೆಗಾರ ಎರಡು ದ್ರಾಕ್ಷಿ ತಿಂದ, ಅದನ್ನೂ ತೊಳೆದುಕೊಂಡು. ಆಮೇಲಿನ ಎರಡು ತಿಂಗಳು ಸೌಂಡ್ ಹುಡುಗ ಬರಲೇ ಇಲ್ಲ. ಫೋನ್ ಮಾಡಿದರೆ “ಕೆಲಸ ಜಾಸ್ತಿ ಅಣ್ಣಾ”. ನಾವು ಎಂಟೂ ಜನ ದುಡ್ಡು ಹಾಕಿ ಒಂದು ಕಿರುಚಿತ್ರ ಮಾಡಬೇಕು ಅಂತ ಮಾತಾಗಿತ್ತು. ಅವನಿಲ್ಲದೆ ಅದಕ್ಕೆ ಸೌಂಡೇ ಇಲ್ಲ! ನಿಜ ಹೇಳಬೇಕೆಂದರೆ ಸೌಂಡಿಗಿಂತ ಹೆಚ್ಚಾಗಿ, ಅವನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ನನ್ನನ್ನು ಕೊರೆಯುತ್ತಿತ್ತು.

ಹಾಗಾಗಿ ನನ್ನ ಸರದಿ ಬಂದಾಗ ಮೂರು ಹಲಗೆ, ಮೂರು ಚಾಕು ಅಂತ ತೀರ್ಮಾನ ಮಾಡಿದೆ. ಒಂದು ಬರೀ ಸಸ್ಯಾಹಾರ. ಎರಡನೆಯದು ಹಲಾಲ್ ಕೋಳಿ, ಕುರಿ. ಮೂರನೆಯದು ಹಂದಿ, ಅದೂ ಬೇರೆ ಮೇಜಿನ ಮೇಲೆ.

ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ಅಂಗಡಿಯಲ್ಲಿ ಸಲಾಮಿ, ಹ್ಯಾಮು ಕೊಯ್ಯುವ ಮೆಶಿನ್ ಒಂದೇ ಇದ್ದರೆ, ಹಂದಿ ಕೊಯ್ದ ಅಲಗಿನಲ್ಲೇ ಕೋಳಿಯನ್ನೂ ಕೊಯ್ದುಬಿಡುತ್ತಾರೆ. ಆದ್ದರಿಂದ ಕೋಳಿ ಸಲಾಮಿಯನ್ನು ಹಲಾಲ್ ಮುದ್ರೆಯ ಸೀಲಾದ ಪ್ಯಾಕೆಟ್ಟಿನಲ್ಲೇ ತಂದೆ. ಸಸ್ಯಾಹಾರಿಗೆ ಚೀಸಿನಲ್ಲೂ ಸೂಕ್ಷ್ಮ. ಇಟಲಿಯ ಅಸಲಿ ಪಾರ್ಮೆಜಾನ್ ಚೀಸಿಗೆ ಹಾಲು ಒಡೆಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಗೊತ್ತಿಲ್ಲದೆ ತಿನ್ನಿಸುವುದು ಮೋಸವಾಗುತ್ತೆ. ಹಸಿರು ಚುಕ್ಕಿ ಇರುವ ನಮ್ಮ ದೇಶದ ಚೀಸು ತೆಗೆದುಕೊಂಡರೆ ಆ ತಲೆನೋವಿಲ್ಲ. ಬೆಂಗಳೂರಿನಲ್ಲೇ ವಲ್ಲೊಂಬ್ರೋಸಾ ಮಠದ ಕ್ರೈಸ್ತ ಸನ್ಯಾಸಿಗಳು ಇಟಲಿ ಮಾದರಿಯ ಚೀಸಿಗೆ ಹೆಸರು ಮಾಡಿದ್ದಾರೆ.

ಲೆಕ್ಕ ಸುಲಭ. ಪಿಕ್ಚರ್ ಜೊತೆ ಕೊರೆಯಲು ಅಂತಾದರೆ ತಲೆಗೆ 50-60 ಗ್ರಾಂ ಮಾಂಸ, ಅಷ್ಟೇ ಚೀಸು. ಅದೇ ರಾತ್ರಿ ಊಟವಾಗುವುದಾದರೆ ಎರಡರಷ್ಟು. ಪಾರ್ಮಾ ಹ್ಯಾಮ್ ವಿದೇಶದಿಂದ ಬರುವ ಮಾಲು, ಜೇಬು ಸುಡುತ್ತೆ. ಮಡಿಕೇರಿ ಎಡಿಟರಿಗೆ ರುಚಿ ತೋರಿಸಲು ನೂರು ಗ್ರಾಂ ತಂದೆ, ಉಳಿದದ್ದು ಇಲ್ಲಿಯದೇ ಬೇಯಿಸಿದ ಹ್ಯಾಮು. ಗೋವಾದ ಚೋರಿಸೋ ಸಾಸೇಜನ್ನೂ ಇಟ್ಟೆ. ಮೆಣಸಿನಕಾಯಿ, ವಿನಿಗರ್ ಹಾಕಿ ಒಣಗಿಸಿ ಜಪಮಾಲೆಯ ಹಾಗೆ ಪೋಣಿಸಿರುತ್ತಾರಲ್ಲ, ಅದು. ಜೋಕೆ, ಚೋರಿಸೋ ಹಸಿಯಾಗಿ ತಿನ್ನುವುದಲ್ಲ. ಈರುಳ್ಳಿ ಜೊತೆ ಹುರಿದೇ ಇಡಬೇಕು.

ಜೋಡಿಸುವಾಗ ಮೊದಲು ಚೀಸು, ಸಣ್ಣ ಬಟ್ಟಲುಗಳು. ಆಮೇಲೆ ಮಾಂಸದ ಹಾಳೆಗಳನ್ನು ಕರವಸ್ತ್ರದ ಹಾಗೆ ಮಡಿಸಿ, ಗಾಳಿಯಾಡುವಂತೆ. ಇಸ್ಪೀಟೆಲೆ ಹಾಗೆ ಒತ್ತಿ ಇಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಸಂದಿಗೊಂದಿಗೆ ದ್ರಾಕ್ಷಿ, ಬಾದಾಮಿ, ಅಂಜೂರ. ಬ್ರೆಡ್ಡು ಕಟ್ಟಕಡೆಗೆ. ಚೀಸನ್ನು ಫ್ರಿಜ್‌ನಿಂದ ಅರ್ಧ ಗಂಟೆ ಮುಂಚೆ ತೆಗೆಯಿರಿ, ತಣ್ಣಗಿದ್ದರೆ ರುಚಿಯೇ ಏಳುವುದಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊರಗೆ ಬೇಡ, ನಮ್ಮದು ಯುರೋಪಿನ ಚಳಿಯಲ್ಲ. ಪಿಕ್ಚರ್ ಉದ್ದವಾಗಿದ್ದರೆ ಅರ್ಧ ಮೊದಲು, ಉಳಿದರ್ಧ ಇಂಟರ್‌ವಲ್‌ನಲ್ಲಿ!

ಕೊಬ್ಬಿನ ಪಕ್ಕ ಹುಳಿ ಇರಲೇಬೇಕು. ಫ್ರೆಂಚರು ವಿನಿಗರ್‌ನಲ್ಲಿ ನೆನೆಸಿದ ಪುಟ್ಟ ಸೌತೆ ಇಡುತ್ತಾರೆ. ಅದು ನಮ್ಮ ರೈತರ ಮಿಡಿಸೌತೆ ಕಣ್ರೀ! 1990ರ ದಶಕದಿಂದ ಕರ್ನಾಟಕದ ರೈತರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೆದ ಘರ್ಕಿನ್ ಡ್ರಮ್ಮುಗಟ್ಟಲೆ ಯುರೋಪು, ಅಮೆರಿಕಕ್ಕೆ ಹೋಗುತ್ತಿದೆ. ಬೆಳೆಯುವವರ ಮನೆಯಲ್ಲೇ ಅದನ್ನು ತಿನ್ನುವವರು ಕಡಿಮೆ.

ಅವತ್ತು ರಾತ್ರಿ

ಸೌಂಡ್ ಹುಡುಗನಿಗೆ ಫೋನ್ ಮಾಡಿ ಬೇರೇನೂ ವಿವರಿಸಲಿಲ್ಲ. “ಎರಡನೇ ಹಲಗೆ ನಿಂದು. ಪ್ಯಾಕೆಟ್ ಒಡೆಯದೆ ಇಟ್ಟಿರ್ತೀನಿ, ನೀನೇ ಬಂದು ಒಡಿ” ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಮ್ಮೀನ ಕೇಳ್ತೀನಿ ಅಣ್ಣಾ, ಏನಾದ್ರೂ ತರ್ತೀನಿ” ಅಂದ.

ತಂದದ್ದೇನು ಗೊತ್ತೇ? ಬಕ್ರೀದಿನ ಮಾಂಸ. ಉದ್ದುದ್ದ ಕೊಯ್ದು, ಉಪ್ಪು ಅರಿಶಿನ ಹಚ್ಚಿ, ತಾರಸಿಯ ಮೇಲೆ ಬಟ್ಟೆ ಹಗ್ಗಕ್ಕೆ ತೂಗುಹಾಕಿ ಬಿಸಿಲಲ್ಲಿ ಒಣಗಿಸಿದ್ದು. ಅವರಮ್ಮ ಅದನ್ನು ಎಣ್ಣೆಯಲ್ಲಿ ಕರಿದು ಡಬ್ಬಿ ತುಂಬಿ ಕಳಿಸಿದ್ದರು. ಮಡಿಕೇರಿ ಎಡಿಟರ್ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದ. “ಲೇ, ಇದು ನಮ್ಮಜ್ಜಿ ಒಲೆ ಮೇಲೆ ಹೊಗೇಲಿ ಒಣಗಿಸ್ತಿದ್ದರಲ್ಲ, ಅದರ ತಮ್ಮ!” ಅಂದ. ಸಾಗರದ ಕಥೆಗಾರನೂ ಸುಮ್ಮನಿರಲಿಲ್ಲ. ಬ್ಯಾಗಿನಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ತೆಗೆದು ಮೂರೂ ಹಲಗೆಗೆ ಬೇರೆ ಬೇರೆ ಚಮಚದಲ್ಲಿ ಬಡಿಸಿದ. ಫ್ರೆಂಚರ ಸೌತೆ ಅದರ ಮುಂದೆ ಸಪ್ಪೆ, ನಾನು ಪಕ್ಷಪಾತ ಮಾಡುತ್ತಿಲ್ಲ.

ಅವತ್ತು ಹಾಕಿದ್ದು ‘ಲಾ ಮೊರ್ಟಡೆಲ್ಲಾ’ವನ್ನೇ. ಸೌಂಡ್ ಹುಡುಗ ಕೊನೆಯ ಟೈಟಲ್ಲಿನವರೆಗೂ ಕೂತಿದ್ದ. ವಿಮಾನ ನಿಲ್ದಾಣದ ದೃಶ್ಯದ ಶಬ್ದ ಸರಿಯಿಲ್ಲ ಅಂತ ಒಂದು ಗಂಟೆ ಜಗಳವನ್ನೂ ಆಡಿದ. ಕಿರುಚಿತ್ರದ ಮೊದಲ ಕಂತು ಅವತ್ತೇ ಡಬ್ಬಿಗೆ ಬಿತ್ತು. ಅವನದ್ದೂ ಸೇರಿ.

ಹಾಂ, ದಿನಾ ತಿನ್ನುವ ಪದಾರ್ಥ ಇದಲ್ಲ. ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2015ರಲ್ಲಿ ಹೇಳಿದ್ದಾರೆ. ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಸಂಭವ ಶೇ. 18ರಷ್ಟು ಹೆಚ್ಚಂತೆ. ನಮ್ಮದು ತಿಂಗಳಿಗೊಂದು ರಾತ್ರಿ.

ಉಳಿದ ಹ್ಯಾಮನ್ನು ಮರುದಿನ ಬೆಳಿಗ್ಗೆ ಆಮ್ಲೆಟ್ಟಿಗೆ ಹಾಕಿದೆ. ಚೀಸಿನ ಗಟ್ಟಿ ತುದಿ ಸಾರಿಗೆ ಬಿತ್ತು, ಸಾರು ಚೆನ್ನಾಗೇ ಆಯಿತು. ಬಕ್ರೀದಿನ ಡಬ್ಬಿ ಮಾತ್ರ ರಾತ್ರಿಯೇ ಖಾಲಿ. ತೊಳೆದು ವಾಪಸ್ ಕೊಡಲು ಹೋದರೆ ಹುಡುಗ ತೆಗೆದುಕೊಳ್ಳಲಿಲ್ಲ. ಖಾಲಿ ಡಬ್ಬಿ ಕಳಿಸಬಾರದಂತೆ, ಅವರಮ್ಮನ ಆರ್ಡರ್. ಸಾಗರದಿಂದ ಇನ್ನೊಂದು ಬಾಟಲಿ ಅಪ್ಪೆಮಿಡಿ ಬರುವುದನ್ನು ಕಾಯುತ್ತಿದ್ದೇನೆ.