ಧರ್ಮದೇಟಿನಲ್ಲಿ ಧರ್ಮ ಎಷ್ಟು?

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡೋ, ಹೊಸಕೋಟೆ ಸಂತೆಯೋ, ಯಾವುದಾದರೂ ಆಗಲಿ. ನೂಕುನುಗ್ಗಲಿನಲ್ಲಿ ಯಾರದೋ ಪರ್ಸು ಮಾಯ. "ಹಿಡೀರೋ ಅವನ್ನ!" ಎಂದು ಒಬ್ಬ ಕೂಗಿದರೆ ಸಾಕು, "ನಂದೂ ಒಂದಿರಲಿ" ಎಂದು ಹತ್ತು ಕೈ ಮೇಲೇಳುತ್ತವೆ. ಕದ್ದವನು ಇವನೇನಾ ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಮಾರನೇ ದಿನ ಪೇಪರಿನಲ್ಲಿ ಸುದ್ದಿ: 'ಕಳ್ಳನಿಗೆ ಸಾರ್ವಜನಿಕರಿಂದ ಧರ್ಮದೇಟು!'

ಗಮ್ಮತ್ತೆಲ್ಲ ಈ ಮಾತಿನಲ್ಲೇ ಇದೆ. ಆಡುಮಾತಿನಲ್ಲಿ 'ಧರ್ಮಕ್ಕೆ ಸಿಕ್ತು' ಎಂದರೆ ಬಿಟ್ಟಿ ಸಿಕ್ಕಿತು ಎಂದರ್ಥ. ಧರ್ಮದೇಟೂ ಹಾಗೇ. ಕೊಡುವವನಿಗೆ ಖರ್ಚಿಲ್ಲ, ಹೊಣೆಯೂ ಇಲ್ಲ. ಆದರೆ ಧರ್ಮ ಎಂದರೆ ನ್ಯಾಯವೂ ಹೌದಲ್ಲ! ಹಾಗಾಗಿ ಹೊಡೆದವನು ನ್ಯಾಯ ಕಾಪಾಡಿದವನಂತೆ ಎದೆಯುಬ್ಬಿಸುತ್ತಾನೆ. ಇಂಥವರಿಗೆ ಇಂಗ್ಲಿಷಿನಲ್ಲಿ 'ವಿಜಿಲಾಂಟಿ' ಅನ್ನುತ್ತಾರೆ. ಅದು ಸ್ಪ್ಯಾನಿಷ್ ಭಾಷೆಯಿಂದ ಬಂದ ಮಾತು. ಅಲ್ಲಿ ಕಾವಲುಗಾರ ಎಂದರ್ಥ. ಕಾವಲಿನವನೇ ಜಡ್ಜೂ ಆದರೆ ಮುಗಿಯಿತು ಕಥೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದವರ ಕೆಲಸಕ್ಕೆ 'ನೈತಿಕ ಪೊಲೀಸ್‌ಗಿರಿ' ಎಂಬ ಹೆಸರಾಯಿತು. ಈ 'ಗಿರಿ', ಗೂಂಡಾಗಿರಿಯಲ್ಲಿರುವ ಗಿರಿಯೇ!

ಬಿಟ್ಟಿ ಏಟಿಗೆ ಬೆಲೆ ತೆತ್ತವರು ಬೇರೆಯವರು. 2018ರಲ್ಲಿ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ವಾಟ್ಸಾಪ್ ಗಾಳಿಸುದ್ದಿ ರಾಜ್ಯವೆಲ್ಲ ಹಬ್ಬಿತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಕಟ್ಟಿ ಹೊಡೆದರು. ಪ್ರಾಣ ಹೋಯಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರು ಸತ್ತರು. ಅವರ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣ. ನಾಲ್ಕು ದಿನದ ಮೇಲೆ ಬೇರೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಗುಂಪುಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ಹೇಳಿತು.

ನಮ್ಮ ಜಿಲ್ಲೆಯ ಮಗ್ಗ, ಕಾರ್ಖಾನೆಗಳಲ್ಲಿ ಹೊರರಾಜ್ಯದವರು ಎಷ್ಟೋ ಮಂದಿ. ಭಾಷೆ ಬಾರದವನು ತಡವರಿಸಿದರೆ ಅದೇ ತಪ್ಪೊಪ್ಪಿಗೆ ಆಗಿಬಿಡಬಾರದು.

ಹಾಗಾದರೆ ಕಳ್ಳನನ್ನು ಬಿಟ್ಟುಬಿಡೋದಾ? ಬೇಡ. ದರೋಡೆಯಂಥ ಜಾಮೀನಿಲ್ಲದ ಅಪರಾಧ ಕಣ್ಣೆದುರೇ ನಡೆದರೆ ಯಾರು ಬೇಕಾದರೂ ಹಿಡಿಯಬಹುದು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮೇ ಹಾಗೆನ್ನುತ್ತದೆ. ಆದರೆ ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಶಿಕ್ಷೆ ಕೊಡುವ ಅಧಿಕಾರ ಅದರಲ್ಲಿಲ್ಲ. ಗುಂಪಿನ ಏಟಿಗೆ ಜೀವ ಹೋದರೆ 'ನಂದು ಒಂದೇ ಏಟು ಸ್ವಾಮಿ' ಎಂದು ಕೈಮುಗಿದು ಪಾರಾಗುವುದು ಕಷ್ಟ.

ಕೈ ತುರಿಸಿದರೆ 112 ಒತ್ತಿ. ಆ ಫೋನೂ ಧರ್ಮಕ್ಕೇ!