ಗಟ್ಟಿ ರಾಡ್ ಕೊಡಿ ಅಂದ್ರೆ ಯಾವುದು ಕೊಡ್ಲಿ?

ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಾ, ಸಂಜೆ ಹೊತ್ತು ಕುಂದಾಪುರದ ಒಂದು ಗಾಳದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ವರ್ಷವಾಯಿತು. ಈ ಒಂದು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ‘ಒಂದು ಗಟ್ಟಿ ರಾಡ್ ಕೊಡಿ’. ಕಾಲೇಜು ಹುಡುಗರು ಬರುತ್ತಾರೆ, ರಾಡನ್ನು ಗಾಳಿಯಲ್ಲಿ ಎರಡು ಸಲ ಬೀಸುತ್ತಾರೆ, ತುದಿ ಅಲುಗಾಡಿದರೆ ‘ಇದು ಮೆತ್ತಗಿದೆ ಮಾರಾಯ’ ಎಂದು ಪಕ್ಕಕ್ಕಿಡುತ್ತಾರೆ. ಅಲುಗಾಡದ ರಾಡಿಗೆ ಬಿಲ್ಲಾಗುತ್ತದೆ. ವಾರ ಕಳೆದ ಮೇಲೆ ಅವರೇ ಬಂದು, ‘ಎಷ್ಟು ಬೀಸಿದರೂ ಲ್ಯೂರ್ ಕಾಲ ಬುಡದಲ್ಲೇ ಬೀಳ್ತದೆ, ರೀಲ್ ಸರಿಯಿಲ್ಲ’ ಅನ್ನುತ್ತಾರೆ. ಪಾಪ, ರೀಲಿನದೇನೂ ತಪ್ಪಿರುವುದಿಲ್ಲ.

ನಮ್ಮ ‘ಗಟ್ಟಿ’ ಎಂಬ ಪದದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಅಡಗಿ ಕೂತಿವೆ. ಒಂದು, ರಾಡನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು. ಇದಕ್ಕೆ ಪವರ್ ಅನ್ನುತ್ತಾರೆ. ಅಲ್ಟ್ರಾ ಲೈಟ್, ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂದು ಹಿಡಿಯ ಮೇಲೆ ಬರೆದಿರುತ್ತದಲ್ಲ, ಅದು. ಇನ್ನೊಂದು, ರಾಡ್ ಎಲ್ಲಿಂದ ಬಗ್ಗುತ್ತದೆ ಎಂಬುದು. ಇದು ಆ್ಯಕ್ಷನ್. ತೆಂಗಿನಕಾಯಿ ಕೀಳುವ ದೋಟಿಯನ್ನು ನೆನಪಿಸಿಕೊಳ್ಳಿ. ಬುಡ ನೆಟ್ಟಗೇ ಇರುತ್ತದೆ, ತುದಿಯಷ್ಟೇ ಬಾಗುತ್ತದೆ. ಇದು ಫಾಸ್ಟ್. ಹಳೇ ಕಾಲದ ಮೇಷ್ಟ್ರ ಕೈಯ ಹುಣಸೆ ಬರಲು ಕೈ ಬುಡದಿಂದಲೇ ಬಳುಕುತ್ತದೆ. ಅದು ಸ್ಲೋ. ನಡುಮಧ್ಯದವರೆಗೆ ಬಾಗುವುದು ಮಾಡರೇಟ್. ಫಾಸ್ಟ್ ಅಂದರೆ ಗಟ್ಟಿ, ಸ್ಲೋ ಅಂದರೆ ಮೆದು ಎಂದು ತಿಳಿದರೆ ಕೆಟ್ಟಿರಿ! ತುದಿ ಮಾತ್ರ ಬಗ್ಗುವ ಅಲ್ಟ್ರಾ ಲೈಟ್ ರಾಡೂ ಇದೆ, ಬುಡದಿಂದ ಬಳುಕುವ ಹೆವಿ ರಾಡೂ ಇದೆ.

ಮೀಡಿಯಂ, ಹೆವಿ ಎಂಬ ಹೆಸರುಗಳನ್ನೂ ಪೂರ್ತಿ ನಂಬುವಂತಿಲ್ಲ. ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆಗೋಲು ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರಿಗೆ ಮೀಡಿಯಂ ಹೆವಿ. ಹಾಗಾಗಿ ನಾನು ಗಿರಾಕಿಗಳಿಗೆ ಹೇಳುವುದು, ಹೆಸರು ಬಿಡಿ, ಹಿಡಿಯ ಮೇಲ್ಗಡೆಯ ಸಣ್ಣ ಅಕ್ಷರ ಓದಿ ಅಂತ. ಅಲ್ಲಿ 10–30 ಗ್ರಾಂ ಎಂದಿದ್ದರೆ, ನೀವು ಎಸೆಯುವ ಸೀಸದ ಗುಂಡೋ ಲ್ಯೂರೋ ಅಷ್ಟು ತೂಗಬೇಕು. ಪಕ್ಕದಲ್ಲಿ ಪೌಂಡ್ ಲೆಕ್ಕದಲ್ಲಿ ಇರುವುದು ದಾರದ ಬಲ.

ಈ ಗ್ರಾಂ ಲೆಕ್ಕ ಯಾಕೆ ಅಷ್ಟು ಮುಖ್ಯ? ರಾಡ್ ಒಂದು ಸ್ಪ್ರಿಂಗ್. ಹಿಂದಕ್ಕೆ ಎಳೆದು ಮುಂದಕ್ಕೆ ಬೀಸಿದಾಗ ತುದಿಯ ಭಾರಕ್ಕೆ ಅದು ಬಾಗಬೇಕು, ಬಾಗಿದ್ದು ನೆಟ್ಟಗಾಗುವಾಗ ಭಾರವನ್ನು ಚಿಮ್ಮಿಸಬೇಕು. 40 ಗ್ರಾಂಗೆ ಮಾಡಿದ ರಾಡಿಗೆ 7 ಗ್ರಾಂನ ಲ್ಯೂರ್ ಕಟ್ಟಿದರೆ ರಾಡಿಗೆ ಅದು ಗೊತ್ತೇ ಆಗುವುದಿಲ್ಲ. ಬಾಗದ ಮೇಲೆ ಚಿಮ್ಮುವುದೇನು? ಕಾಲ ಬುಡದಲ್ಲಿ ಬಿದ್ದ ಲ್ಯೂರಿನ ಕತೆ ಇಷ್ಟೇ. ಉಲ್ಟಾ ಮಾಡಿದರೂ ಕಷ್ಟ. ಹಗುರ ರಾಡಿಗೆ 60 ಗ್ರಾಂ ಸೀಸ ಕಟ್ಟಿ ಜೋರಾಗಿ ಬೀಸಿದರೆ ರಾಡೇ ಮುರಿಯಬಹುದು.

ಮೀನು ಕಚ್ಚಿದ ಮೇಲಿನದು ಇನ್ನೂ ಸ್ವಾರಸ್ಯ. ಪಿಯುಸಿಯಲ್ಲಿ ಸನ್ನೆಕೋಲಿನ ಪಾಠ ಓದಿದವರಿಗೆ ಸುಲಭ. ಹಿಡಿಯ ತುದಿಯನ್ನು ಹೊಟ್ಟೆಗೆ ಊರಿಕೊಂಡಿದ್ದೀರಿ, ರಾಡ್ ಹಿಡಿದ ಕೈ ಅಲ್ಲಿಂದ 40 ಸೆಂ.ಮೀ. ಮುಂದಿದೆ, ರಾಡಿನ ತುದಿ 2 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ತುದಿಗೆ ಅಡ್ಡಲಾಗಿ ಮೀನು 2 ಕಿಲೋ ಭಾರದಷ್ಟು ಎಳೆದರೆ ನಿಮ್ಮ ಕೈಗೆ ಬೀಳುವುದು 10 ಕಿಲೋ! ರಾಡ್ ನಮ್ಮ ಪರವಲ್ಲ, ಮೀನಿನ ಪರ ನಿಂತಿರುವ ಸನ್ನೆಕೋಲು. ಅದೇ ರಾಡ್ ಬಾಗಿ, ದಾರದ ಎಳೆತ ನಿಮ್ಮಿಂದ 1.2 ಮೀಟರ್ ದೂರಕ್ಕೆ ಬಂದರೆ ಕೈಯ ಭಾರ 6 ಕಿಲೋಗೆ ಇಳಿಯುತ್ತದೆ. ರಾಡ್ ಬಾಗುವುದು ಅದರ ದೌರ್ಬಲ್ಯ ಎಂದು ನಮ್ಮ ಹುಡುಗರು ತಿಳಿದಿದ್ದಾರಲ್ಲ, ಅದೇ ಅವರ ಭುಜವನ್ನು ಉಳಿಸುವುದು.

ಈ ಲೆಕ್ಕ ನನಗೆ ನಿಜವಾಗಿ ಬೇಕಾದದ್ದು ಅಪ್ಪಯ್ಯನಿಗೆ ರಾಡ್ ಆರಿಸುವಾಗ. ಅವರು ಇಪ್ಪತ್ತು ವರ್ಷ ಬೋಟಿನಲ್ಲಿ ದುಡಿದವರು. ಬಲಭುಜ ಕೈಕೊಟ್ಟ ಮೇಲೆ ಬೋಟು ಬಿಟ್ಟರು, ಮನೆಯಲ್ಲಿ ಕೂತು ಸಣ್ಣಗಾಗುತ್ತಾ ಬಂದರು. ಮೊದಲಾದರೆ ರಜೆಯಲ್ಲಿ ಗಂಗೊಳ್ಳಿ ಅಳಿವೆಯ ಹತ್ತಿರ ಕೈಗಾಳ ಹಾಕುತ್ತಿದ್ದರು. ಈಗ ಕೈಯಿಂದ ತಂಗೂಸಿ ಎಸೆಯಲು ಭುಜ ಏಳುವುದಿಲ್ಲ. ನನ್ನ ಕೈಯಲ್ಲಿದ್ದದ್ದು 2,500 ರೂಪಾಯಿ. ಮುಂದಿನ ತಿಂಗಳು ಪರೀಕ್ಷೆಯ ಅರ್ಜಿ ಶುಲ್ಕ ಕಟ್ಟಬೇಕಿತ್ತು, ಎರಡನೇ ರಾಡ್ ಕೊಳ್ಳುವ ಮಾತೇ ಇರಲಿಲ್ಲ. ಅವರು ಒಂದು ಸಲ ಪ್ರಯತ್ನಿಸಿ ನೋವಾಗಿ ಮೂಲೆಗಿಟ್ಟರೆ ಮತ್ತೆ ಹೊಳೆ ಕಡೆ ಹೋಗುವುದಿಲ್ಲ ಎಂಬುದೂ ಗೊತ್ತಿತ್ತು.

ಅಂಗಡಿಗೆ ಕರೆದುಕೊಂಡು ಬಂದೆ. ಮೊದಲು ಕೊಟ್ಟದ್ದು ಎಲ್ಲರೂ ಕೇಳುವ ‘ಗಟ್ಟಿ’ ರಾಡ್. ಹಿಡಿದು ನೋಡಿ, ‘ಇದ್ ಒನಕಿ ಕಂಡಂಗ್ ಇತ್ತಲ್ಲ ಮಗಾ, ಕೈಗೆ ಎಂತದೂ ಗೊತ್ತಾತಿಲ್ಲ’ ಅಂದರು. ಬೆರಳ ಮೇಲಿನ ದಾರದಲ್ಲೇ ಮೀನಿನ ಜಾತಿ ಹೇಳುತ್ತಿದ್ದವರು ಅವರು! ಅವರು ಹಾಕುವುದು ಜೀವಂತ ಸಿಗಡಿ, ಜೊತೆಗೆ 15–20 ಗ್ರಾಂ ಸೀಸ, ನಿಲ್ಲುವುದು ದಡದಲ್ಲಿ. ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ. ಕೊನೆಗೆ ತೆಗೆದುಕೊಂಡದ್ದು ಏಳು ಅಡಿಯ, 10–30 ಗ್ರಾಂನ, ನಡುವಿನವರೆಗೆ ಬಾಗುವ ರಾಡ್. ಫೈಬರ್ ಗ್ಲಾಸ್ ಮತ್ತು ಕಾರ್ಬನ್ ಬೆರೆಸಿದ್ದು. ಬರೀ ಗ್ಲಾಸ್ ಆದರೆ ಭಾರ, ಆದರೆ ಪೆಟ್ಟು ತಡೆಯುತ್ತದೆ. ಬರೀ ಕಾರ್ಬನ್ ಹಗುರ, ಮೀನು ಮುಟ್ಟಿದ್ದೂ ಕೈಗೆ ತಿಳಿಯುತ್ತದೆ, ಆದರೆ ಕಲ್ಲಿಗೆ ತಾಗಿದರೆ ಒಡೆಯುವ ಜಾತಿ. 24 ಟನ್, 30 ಟನ್ ಎಂದು ದೊಡ್ಡದಾಗಿ ಬರೆದಿರುವುದು ಆ ನೂಲಿನ ಬಿಗುವಿನ ಲೆಕ್ಕ. ಅಷ್ಟು ಟನ್ ಎತ್ತುತ್ತದೆ ಎಂದಲ್ಲ!

ಇದಕ್ಕೂ ಬೆಲೆ ತೆರಬೇಕು. ಮೂರನೇ ಸಂಜೆ ಒಂದು ಒಳ್ಳೆಯ ಕೆಂಬೇರಿ ಕಚ್ಚಿ, ಸೀದಾ ಚಿಪ್ಪು ಹಿಡಿದ ಸೇತುವೆ ಕಂಬದ ಕಡೆ ಓಡಿತು. ಬಿಗಿ ರಾಡಾಗಿದ್ದರೆ ಬಹುಶಃ ತಲೆ ತಿರುಗಿಸಬಹುದಿತ್ತು. ನಮ್ಮದು ಬಾಗಿತು, ಬಾಗುತ್ತಲೇ ಇತ್ತು, ದಾರ ಕಂಬಕ್ಕೆ ತಾಗಿ ತುಂಡಾಯಿತು. ಹೀಗಾಗಬಹುದು ಎಂದು ಕೊಳ್ಳುವಾಗಲೇ ಮಾತಾಡಿಕೊಂಡಿದ್ದೆವು. ಅಪ್ಪಯ್ಯ ಭುಜ ನೀವಿಕೊಳ್ಳದೆ ಇನ್ನೊಂದು ಸಿಗಡಿ ಸಿಕ್ಕಿಸಿದರು. ನಾನು ನೋಡಿದ್ದು ಅದನ್ನೇ.

ಹಾಗಂತ ಎಲ್ಲರಿಗೂ ಇದೇ ರಾಡ್ ಸರಿ ಅನ್ನಲಾರೆ. ಕೆರೆಯ ಜೊಂಡಿನೊಳಗೆ ಕೊರವ ಮೀನು ಹಿಡಿಯುವವರಿಗೆ ನಿಜಕ್ಕೂ ಬಿಗಿ ರಾಡೇ ಬೇಕು, ಕಚ್ಚಿದ ಕೂಡಲೇ ಎಳೆದುಕೊಳ್ಳದಿದ್ದರೆ ಅದು ಬೇರಿನೊಳಗೆ ಸುತ್ತಿಕೊಳ್ಳುತ್ತದೆ. ಮರವಂತೆಯ ಮರಳಲ್ಲಿ ನಿಂತು ಅಲೆಯಾಚೆ ಎಸೆಯುವವರಿಗೆ ಹತ್ತು–ಹನ್ನೆರಡು ಅಡಿಯದ್ದು, 60–100 ಗ್ರಾಂ ತಡೆಯುವಂಥದ್ದು. ಮುಮ್ಮುಖ ಗಾಳವಿರುವ ಲ್ಯೂರಿಗೆ ನಡುವಿನವರೆಗೆ ಬಾಗುವುದು ಒಳ್ಳೆಯದು, ಸಣ್ಣ ಗಾಳ ಮೀನಿನ ಬಾಯಿಂದ ಕಿತ್ತು ಬರುವುದಿಲ್ಲ. ಹೆಣೆದ ದಾರ ಹಿಗ್ಗುವುದಿಲ್ಲ, ತಂಗೂಸಿ ಹಿಗ್ಗುತ್ತದೆ. ಹೆಣೆದ ದಾರ ಹಾಕುವವರಿಗೆ ರಾಡ್ ಇನ್ನಷ್ಟು ಬಾಗಲಿ.

ದೊಡ್ಡ ಮೀನಿಗೆ ಗಟ್ಟಿ ರಾಡೇ ಬೇಕು ಎಂದು ವಾದಿಸುವವರಿಗೆ ನಾನು ಹೇಳುವುದೊಂದಿದೆ. ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದಾಗ ಕಾರ್ಬನ್ ರಾಡ್ ಎಂಬುದು ಹುಟ್ಟಿಯೇ ಇರಲಿಲ್ಲ.

ಅಂಗಡಿಯಲ್ಲಿ ನೋಡುವಾಗ ತುದಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸಬೇಡಿ, ದಯವಿಟ್ಟು! ಎಂಥಾ ರಾಡೂ ಹಾಗೆ ಮಾಡಿದರೆ ಮುರಿಯಬಹುದು. ರಿಂಗುಗಳ ಮೂಲಕ ದಾರ ಪೋಣಿಸಿ, ಗೆಳೆಯನ ಕೈಗೆ ದಾರದ ತುದಿ ಕೊಟ್ಟು, ನಿಧಾನ ಎತ್ತಿ ನೋಡಿ. ಎಲ್ಲಿಂದ ಬಾಗುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ರಿಂಗಿನೊಳಗೆ ಹತ್ತಿ ತೂರಿಸಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಆ ಬಿರುಕೇ ನಾಳೆ ದಾರ ಕತ್ತರಿಸುವುದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆಗ ಮೀನಿನ ದರ ಏರುತ್ತದೆ, ಹೊಳೆದಡದಲ್ಲಿ ರಾಡ್ ಹಿಡಿದವರ ಸಂಖ್ಯೆಯೂ ಏರುತ್ತದೆ. ಗುಡುಗು ಸಿಡಿಲಿನ ಬಗ್ಗೆಯೂ ಎಚ್ಚರ ಬೇಕು. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟಿನ ತಂತಿ ಕೆಳಗೆ ರಾಡ್ ಎತ್ತಬೇಡಿ, ಗುಡುಗು ಕೇಳಿದರೆ ಮೀನು ಕಚ್ಚುತ್ತಿದ್ದರೂ ಸರಿ, ರಾಡನ್ನು ನೆಲಕ್ಕೆ ಹಾಕಿ ದಡ ಬಿಡಿ. ಅಪ್ಪಯ್ಯನಿಗೆ ಇದೊಂದನ್ನು ಒಪ್ಪಿಸಲು ಮಾತ್ರ ನನಗೆ ಇನ್ನೂ ಆಗಿಲ್ಲ.